ಒಣನೆಲದ ಮೇಲೆ ಹಾಲಿನ ದೋಣಿ

ವೊಪ್ಕೆ ಹುಟ್ಟಿದ ವರ್ಷವೇ ಅವನ ಊರು ಊಲ್ಸುಮ್ ತನ್ನ ಅರ್ಧ ದಿಬ್ಬವನ್ನು ಮಾರಿಕೊಂಡಿತು. ಅವನ ಅಮ್ಮ ಈ ಎರಡನ್ನೂ ಒಂದೇ ಉಸಿರಿಗೆ ಹೇಳುತ್ತಿದ್ದಳು. ಎರಡರಲ್ಲಿ ಯಾವುದು ಹೆಚ್ಚು ತೊಂದರೆ ಕೊಟ್ಟಿತೆಂದು ಮಾತ್ರ ಹೇಳುತ್ತಿರಲಿಲ್ಲ.

ದಿಬ್ಬವೆಂದರೆ ಊರೇ. ಕಡಲಿಗೆ ಕಟ್ಟೆಯಿಲ್ಲದ ಕಾಲದಲ್ಲಿ ಉಪ್ಪುನೀರು ಹೊತ್ತುಹೊತ್ತಿಗೆ ಮನೆಬಾಗಿಲಿಗೆ ಬಂದುಹೋಗುತ್ತಿತ್ತು. ಅಲ್ಲಿನ ಜನ ಸಗಣಿ, ಬೂದಿ, ಜೇಡಿಮಣ್ಣು, ಒಡೆದ ಮಡಕೆ, ಸತ್ತ ಕುರಿ, ಕೈಗೆ ಸಿಕ್ಕಿದ್ದನ್ನೆಲ್ಲ ರಾಶಿ ಹಾಕಿ ಅದರ ಮೇಲೆ ತಾವು ಹತ್ತಿ ಕೂತರು. ಸಾವಿರ ವರ್ಷ ಕೂತ ಮೇಲೆ ಅದು ಗುಡ್ಡವಾಯಿತು. ಗುಡ್ಡದ ನೆತ್ತಿಗೆ ಇಟ್ಟಿಗೆಯ ಚರ್ಚು ಬಂತು. ಆಮೇಲೆ ಕಡಲಿಗೆ ಕಟ್ಟೆ ಬಂದು ಗುಡ್ಡಕ್ಕೆ ಕೆಲಸವಿಲ್ಲದಾಯಿತು. ಒಂದು ದಿನ ದಕ್ಷಿಣದ ಮರಳುಸೀಮೆಯ ರೈತರು ಬಂದರು, ಒಂದು ಹಿಡಿ ಮಣ್ಣು ಎತ್ತಿ ಮೂಸಿದರು, ಇಂಥ ಗೊಬ್ಬರ ಎಲ್ಲೂ ಕಂಡಿಲ್ಲ ಎಂದರು. ಊಲ್ಸುಮಿನವರಿಗೆ ಕಣ್ಣು ತುಂಬಿ ಬಂತು. ಅವರ ಪೂರ್ವಜರನ್ನು ಹೊರಗಿನವರು ಹೊಗಳಿದ್ದು ಅದೇ ಮೊದಲು.

ಮಾರಿದರು. ದೋಣಿಗಳು ಬರಲೆಂದು ಉತ್ತರದ ಬುಡಕ್ಕೆ ಕಾಲುವೆ ತೋಡಿದರು. ಚಳಿಗಾಲ, ಬೇಸಿಗೆ, ಮತ್ತೆ ಚಳಿಗಾಲ, ದಿಬ್ಬ ದೋಣಿಯೇರಿ ಹೋಗುತ್ತಲೇ ಇತ್ತು. ಬಂದ ದುಡ್ಡಿಗೆ ಚರ್ಚಿನಲ್ಲಿ ಹೊಸ ಆರ್ಗನ್ ವಾದ್ಯ ಕೂತಿತು. ಅದರ ಸದ್ದಿಗೆ ಮೈಮರೆತವರಂತೆ ಇನ್ನಷ್ಟು ಅಗೆದರು. ಚರ್ಚಿನ ಉತ್ತರದ ಗೋಡೆಯ ಹೊರಗೆ ಒಂದು ಮೊಳ ನೆಲ ಉಳಿದಾಗ ಯಾರೋ "ಸಾಕು" ಎಂದರು. ಆ ಮೊಳದಾಚೆ ಕಡಿದಾದ ಬದಿ, ಬದಿಯ ಕೆಳಗೆ ನೀರು.

ಅದಾದ ಮೇಲೆ ಊರಲ್ಲಿ ಮೊದಲು ಸತ್ತವನು ಮಾರಾಟಕ್ಕೆ ಎಲ್ಲರನ್ನೂ ಒಪ್ಪಿಸಿದ ಮುದುಕನೇ. ಊಲ್ಸುಮಿನಲ್ಲಿ ಸತ್ತವರನ್ನು ನೆರೆಯವರು ಹೊರುತ್ತಾರೆ; ಸೂರ್ಯ ಹೋಗುವ ಹಾದಿಯಲ್ಲಿ ಚರ್ಚಿಗೆ ಮೂರು ಸುತ್ತು ಬಂದು ಮಣ್ಣಿಗಿಡುತ್ತಾರೆ. ಸುತ್ತು ಬರದೆ ಹೋದವನು ಹೋದಂತೆಯೇ ಅಲ್ಲ. ಮುದುಕನ ಹೆಣದ ಪೆಟ್ಟಿಗೆ ದಕ್ಷಿಣದ ಅಂಗಳ ದಾಟಿ, ಪಶ್ಚಿಮದ ಗೋಪುರ ಬಳಸಿ, ಮೂಲೆಗೆ ಬಂದು ನಿಂತಿತು. ಮುಂದೆ ಹೊರಬದಿಯಲ್ಲಿ ಹೊತ್ತವನು ಒಂದು ಕಾಲೆತ್ತಿದ್ದ, ಇಡಲು ನೆಲವಿರಲಿಲ್ಲ.

"ಯಾಕ್ರೋ ನಿಂತ್ರಿ?" ಹಿಂದಿನವನು ಕೇಳಿದ.

"ಮುಂದೆ ನೆಲ ಇಲ್ಲ."

"ಇತ್ತಲ್ಲ?"

"ಮಾರಿದೀವಿ."

ಪೆಟ್ಟಿಗೆ ಹೆಗಲ ಮೇಲಿದ್ದಂತೆಯೇ ವಾದ ಶುರುವಾಯಿತು. ಅಲ್ಲಿಂದಲೇ ತಿರುಗಿ ಬಂದರೆ? ಬಂದ ಸುತ್ತು ಬಿಚ್ಚಿಹೋಗುತ್ತದೆ. ಚರ್ಚಿನ ಒಳಗಿನಿಂದ ಹಾದರೆ? ಸುತ್ತಿದ್ದು ಅರ್ಧ ಚರ್ಚಿಗಷ್ಟೇ ಆಗುತ್ತದೆ. ಆ ಹೊತ್ತಿಗೆ ಕೆಳಗಿನ ಕಾಲುವೆಯಲ್ಲಿ ವೊಪ್ಕೆಯ ಅಪ್ಪ, ಹಾಲಿನ ಕ್ಯಾನುಗಳನ್ನು ಡೈರಿಗೆ ಸಾಗಿಸುವವನು, ಖಾಲಿ ದೋಣಿಯಲ್ಲಿ ನಿಂತು ಬಾಯಿಬಿಟ್ಟುಕೊಂಡು ಮೇಲೆ ನೋಡುತ್ತಿದ್ದ. ನೋಡಿದ ತಪ್ಪಿಗೆ ಸಿಕ್ಕಿಬಿದ್ದ. ಪೆಟ್ಟಿಗೆಯನ್ನು ಪಶ್ಚಿಮದ ಇಳಿಜಾರಲ್ಲಿ ಇಳಿಸಿ ದೋಣಿಗಿಟ್ಟರು, ಗಳ ಊರಿ ಅವನು ಉತ್ತರದ ಗೋಡೆಯುದ್ದಕ್ಕೂ ಸಾಗಿಸಿದ, ಪೂರ್ವದ ಮೆಟ್ಟಿಲಲ್ಲಿ ಮತ್ತೆ ಎತ್ತಿಕೊಂಡರು. ಹೆಂಗಸರಿಗೆ ಒಂದೇ ಅನುಮಾನ: ಮುಂದಿನ ಸುತ್ತಿಗೆ ಖಾಲಿ ದೋಣಿ ವಾಪಸು ಬರಬೇಕಲ್ಲ, ಅದು ಅಪ್ರದಕ್ಷಿಣೆಯಲ್ಲವೇ? ವೊಪ್ಕೆಯ ಅಪ್ಪ ತಲೆ ಕೆರೆದುಕೊಂಡು, ದೋಣಿಯನ್ನು ತಿರುಗಿಸದೆ ಹಿಂದುಹಿಂದಕ್ಕೆ ತಳ್ಳಿಕೊಂಡು ಬಂದ. ಮೂತಿ ಪೂರ್ವಕ್ಕೇ ಇತ್ತು. ಹಾಗಾಗಿ ಬಂದದ್ದು ಲೆಕ್ಕಕ್ಕಿಲ್ಲ ಎಂದು ಎಲ್ಲರೂ ಒಪ್ಪಿದರು.

ವೊಪ್ಕೆ ಬೆಳೆದು ದೊಡ್ಡವನಾಗುವ ಹೊತ್ತಿಗೆ ಇದು ಹೊಸದಾಗಿ ಉಳಿದಿರಲಿಲ್ಲ. ಅವನ ಅಪ್ಪ ಅವನ ಅಮ್ಮನನ್ನು ಹಾಗೆಯೇ ಸಾಗಿಸಿದ. ಆಮೇಲೆ ವೊಪ್ಕೆ ಅಪ್ಪನನ್ನು. ಸತ್ತವರ ಮನೆಯವರು ಪೆಟ್ಟಿಗೆಗೆ ಕೈ ಹಾಕುವಂತಿಲ್ಲ, ಹಿಂದೆ ನಡೆಯಬೇಕು. ದೋಣಿಯಲ್ಲಾದರೆ ಒಬ್ಬರು ಕಾಲ ಬಳಿ ಕೂರಬಹುದು. ದೋಣಿಯವನು ಮಾತ್ರ ತಲೆಯ ಬಳಿ ನಿಲ್ಲುತ್ತಾನೆ, ಸತ್ತವರು ಯಾರೇ ಆಗಿರಲಿ. ಬೆಳಗ್ಗೆ ಹಾಲು, ಬೇಕಾದ ದಿನ ಹೆಣ. ದೋಣಿಯ ಹುಳಿಮಜ್ಜಿಗೆ ವಾಸನೆಗೆ ಊರಿನವರು ಎಷ್ಟು ಒಗ್ಗಿಹೋಗಿದ್ದರೆಂದರೆ, ಪಕ್ಕದೂರಿನ ಸಾವಿನ ಮನೆಗೆ ಹೋದಾಗ ಅಲ್ಲೇನೋ ಕೊರತೆಯಿದೆಯೆಂದು ಅನಿಸುತ್ತಿತ್ತು.

ಹಿಲ್ಚೆಯನ್ನು ಅವನು ಸರಿಯಾಗಿ ಕಂಡದ್ದೂ ಆ ದೋಣಿಯಲ್ಲೇ. ಅವಳ ಅಪ್ಪ, ಊರ ಕಮ್ಮಾರ, ಬಿರುಬೇಸಿಗೆಯಲ್ಲಿ ತೀರಿಕೊಂಡ. ಅವಳು ಕರಿಬಟ್ಟೆಯಲ್ಲಿ ಪೆಟ್ಟಿಗೆಯ ಕಾಲ ಬಳಿ ಕೂತಳು. ಸ್ವಲ್ಪ ದೂರ ಹೋದ ಮೇಲೆ ತನ್ನ ಪಾದ ನೋಡಿಕೊಂಡಳು.

"ದೋಣಿ ಸೋರ್ತಾ ಇದೆ."

"ಸೋರತ್ತೆ," ಎಂದ ವೊಪ್ಕೆ, ಗಳ ಬಿಡದೆ. "ಹಲಗೆ ಒಣಗಿದೆ. ಹಿಂದಿನ ದಿನ ನೀರು ತುಂಬಿ ನೆನೆಸಿಡ್ಬೇಕಿತ್ತು. ಮರ್ತೆ."

"ಅಪ್ಪ ನೆನೀತಾರೆ."

"ಅವರೇನೂ ಅನ್ನಲ್ಲ."

"ನಾನು ಅಂತೀನಿ."

ಅವಳು ತಲೆಯ ಕರಿಟೋಪಿ ತೆಗೆದು ನೀರು ಮೊಗೆದು ಹೊರಗೆ ಚೆಲ್ಲತೊಡಗಿದಳು. ಮೂರು ಸುತ್ತೂ ಚೆಲ್ಲಿದಳು. ಮೇಲೆ ಬದಿಯಲ್ಲಿ ನಿಂತವರಿಗೆ ಅವಳು ಅಳುತ್ತಾ ಬಾಗಿಬಾಗಿ ಏಳುತ್ತಿರುವಂತೆ ಕಂಡಿತು. ಎಂಥ ಮಗಳು ಎಂದುಕೊಂಡರು. ವೊಪ್ಕೆ ಒಬ್ಬನಿಗೆ ಗೊತ್ತಿತ್ತು, ಅವಳು ಅಳುತ್ತಲೂ ಇದ್ದಳು, ಬೈಯುತ್ತಲೂ ಇದ್ದಳು. ಅಂದಿನಿಂದ ಯಾರದೇ ಸಾವಾದರೂ ಅವನು ಮಣ್ಣಿಗಿಡುವ ಹಿಂದಿನ ದಿನವೇ ದೋಣಿಗೆ ನೀರು ತುಂಬಿ ನೆನೆಸಿಡುತ್ತಿದ್ದ. ಮರುವರ್ಷ ಮದುವೆಯಾದರು. ಮಕ್ಕಳಾಗಲಿಲ್ಲ. ಹೊಸ ಟೋಪಿ ಕೊಡಿಸುತ್ತೇನೆಂದು ವೊಪ್ಕೆ ಆಗಾಗ ಹೇಳುತ್ತಿದ್ದ. "ಹಳೇದು ನೀರು ಹಿಡಿಯತ್ತೆ, ಹೊಸದು ಹಿಡಿಯತ್ತೋ ಇಲ್ವೋ," ಎಂದು ಅವಳು ಒಪ್ಪುತ್ತಿರಲಿಲ್ಲ.

ಅವನ ಬಾಳೆಂದರೆ ಇಷ್ಟೇ. ಯುದ್ಧ ಬಂತು, ಹೋಯಿತು. ಅವನು ಹಾಲು ಸಾಗಿಸಿದ. ಕಾಲುವೆ ಹೆಪ್ಪುಗಟ್ಟಿದ ವರ್ಷಗಳಲ್ಲಿ ದೋಣಿಗೆ ಉಕ್ಕಿನ ಪಟ್ಟಿ ಕಟ್ಟಿ ಮಂಜುಗಡ್ಡೆಯ ಮೇಲೆ ಎಳೆದ.

ಆಮೇಲೆ ಲಾರಿಗಳು ಬಂದವು. ಹೊಲಗಳನ್ನು ಅಳೆದು ಚೌಕ ಮಾಡಿ, ಟಾರು ರಸ್ತೆ ಎಳೆದು, ಬೇಡದ ಕಾಲುವೆಗಳನ್ನು ಮುಚ್ಚುವುದೆಂದು ಮೇಲಿನವರು ತೀರ್ಮಾನಿಸಿದ್ದರು. ಹಾಲಿಗೆ ಇನ್ನು ಲಾರಿಯೇ. ಊಲ್ಸುಮಿನ ಕಾಲುವೆಗೆ ಮರಳು ಸುರಿದರು. ಎಲ್ಲಿಯ ಮರಳೆಂದು ವೊಪ್ಕೆ ಒಬ್ಬ ಡ್ರೈವರನನ್ನು ಕೇಳಿದ. ದಕ್ಷಿಣದ ಮರಳುಸೀಮೆಯದಂತೆ. ಊರಿನ ಮಣ್ಣು ದೋಣಿಯಲ್ಲಿ ಹೋದ ಸೀಮೆಯಿಂದ ಅಲ್ಲಿನ ಮರಳು ಲಾರಿಯಲ್ಲಿ ಬರುತ್ತಿತ್ತು. ಲೇವಾದೇವಿ ಮುಗಿಯಲು ಅರವತ್ತು ವರ್ಷ ಹಿಡಿದಿತ್ತು, ಅಷ್ಟೇ.

ದೋಣಿಯನ್ನು ಬಡಗಿ ಚಾಲ್ಲೆಯ ಹಿತ್ತಲಿಗೆ ಎಳೆದು ಬೋರಲು ಹಾಕಿದರು. ಚಾಲ್ಲೆಯ ಹೆಂಡತಿ ಫೋಕ್ಯೆಯ ಕೋಳಿಗಳು ಅದರ ಕೆಳಗೆ ಸಂಸಾರ ಹೂಡಿದವು.

ಆ ಚಳಿಗಾಲ ಹಿಲ್ಚೆಯ ಹೃದಯ ಸೋತಿತು. ಕಿಟಕಿಯ ಬಳಿಯ ಮಂಚದಿಂದ ಅವಳು ಮರಳಿನ ಹಾಸನ್ನು ನೋಡುತ್ತಿದ್ದಳು. ಒಂದು ಮಧ್ಯಾಹ್ನ, ಬಿಸಿಲು ಕಾಫಿ ಲೋಟದ ಅಂಚಿಗೆ ಬಂದಿದ್ದಾಗ, ಕೇಳಿದಳು.

"ನಾನು ಹೋದ್ರೆ ಹೆಗಲ ಮೇಲೆ ಒಯ್ತಾರೆ, ಅಲ್ವಾ?"

"ಈಗ ನೆಲ ಇದೆಯಲ್ಲ."

"ನೀನು ಹಿಂದೆ ಬರ್ತೀಯ."

"ಮನೆಯೋರು ಹಿಂದೇನೆ ಬರ್ಬೇಕು."

"ಪೆಟ್ಟಿಗೆ ಹೊರೋ ಏಬೆಲೆ ಬೆನ್ನು ನೋಡ್ಕೊಂಡು. ಆ ಕೋಟು ಅವನು ಒಗೆಯೋದೇ ಇಲ್ಲ." ಅವಳು ಉಸಿರು ತೆಗೆದುಕೊಂಡಳು. "ವೊಪ್ಕೆ, ಊರಲ್ಲಿ ಎಲ್ಲರ ತಲೆ ಹತ್ರ ನಿಂತಿದೀಯ. ಜಿಪುಣ ಯಾನ್ ಸತ್ತಾಗ್ಲೂ ನಿಂತೆ. ನನ್ನ ಹೊತ್ತಿಗೆ ಮಾತ್ರ ಹಿಂದೆ ನಿಲ್ತೀಯಾ?"

ವೊಪ್ಕೆ ಲೋಟವನ್ನು ಬಿಸಿಲಿನಿಂದ ಸರಿಸಿ ಮತ್ತೆ ಬಿಸಿಲಿಗೇ ಇಟ್ಟ.

"ದೋಣೀಲೇ ಕರ್ಕೊಂಡು ಹೋಗ್ತೀನಿ."

"ನೀರಿಲ್ವಲ್ಲೋ, ಪೆದ್ದ."

"ಅದು ನನಗೆ ಬಿಡು."

ಅವಳು ನಕ್ಕಳು, ನಗು ಕೆಮ್ಮಾಯಿತು. "ಹೇಗಿತ್ತು, ನನ್ನ ಜೊತೆ?" ಎಂದು ಆಮೇಲೆ ಕೇಳಿದಳು.

ವೊಪ್ಕೆ ಅವಳ ಹೊದಿಕೆ ಸರಿಮಾಡಿದ. "ಇದಕ್ಕಿಂತ ಕೆಡಬಹುದಿತ್ತು," ಎಂದ.

ಊಲ್ಸುಮಿನಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಬಂಪರ್ ಬೆಳೆಗೂ, ಮದುವೆಯೂಟಕ್ಕೂ, ಸ್ವತಃ ದೇವರ ಸೃಷ್ಟಿಗೂ ಅವರು ಕೊಡುವ ಮಾತು ಅದೇ. ಹಿಲ್ಚೆಯ ಕೆನ್ನೆ ಹುಡುಗಿಯಂತೆ ಕೆಂಪಾಯಿತು. ಆ ವಾರವೇ ಅವಳು ಹೋದಳು.

ಹೆಣ ಹೊರುವ ನೆರೆಯವರ ಸಂಘ ಮರುದಿನ ಬೆಳಗ್ಗೆ ಹೋಟೆಲಿನ ಹಿಂದಿನ ಕೋಣೆಯಲ್ಲಿ ಸೇರಿತು. ಏಬೆಲೆ ಸಂಘದ ಅಧ್ಯಕ್ಷ. ಮಾತಿಗೆ ಮೊದಲು ಮೀಸೆ ಒರೆಸಿಕೊಳ್ಳುವವನು. ಪಾದ್ರಿಯೂ ಬಂದಿದ್ದರು. ಅವರು ಹಾಲೆಂಡಿನ ಕಡೆಯವರು, ಊರಿಗೆ ಬಂದು ಒಂದು ವರ್ಷ. ಓದಿಕೊಂಡವರು, ಒಳ್ಳೆಯವರು, ಅವಸರದವರು.

"ಪಾದ್ರಿಗಳಿಗೆ ಕಾಫಿ ಬೇಕಾ?" ಎಂದಳು ಕಾಫಿ ಹಂಚುತ್ತಿದ್ದ ಫೋಕ್ಯೆ.

"ಬೇಕು. ನೋಡಿ, ನನಗೆ ತೊಡಕೇ ಕಾಣಲ್ಲ," ಎಂದರು ಪಾದ್ರಿ. "ನೀವು ಆರುನೂರು ವರ್ಷ ನಡೆದೇ ಸುತ್ತಿದೀರಿ. ನೆಲ ಇಲ್ಲ ಅಂತ ದೋಣಿ ಬಂತು. ಈಗ ನೆಲ ಬಂದಿದೆ. ನಡೀರಿ."

ಏಬೆಲೆ ಮೀಸೆ ಒರೆಸಿಕೊಂಡ. "ಆರುನೂರು ವರ್ಷ ನಡೆದೋರು ಯಾರು, ಪಾದ್ರಿಗಳೇ?"

"ನಿಮ್ಮ ಹಿರಿಯರು."

"ಅವರನ್ನ ನಾವು ನೋಡಿಲ್ಲ. ನನ್ನಪ್ಪ ದೋಣೀಲಿ ಹೋದ. ಅವನನ್ನ ನೋಡಿದೀನಿ."

"ನನ್ನಮ್ಮನೂ ದೋಣೀಲೇ," ಎಂದ ಚಾಲ್ಲೆ. "ಹಿಲ್ಚೆನ ನಡೆದೇ ಒಯ್ದ್ರೆ, ನಾನು ಸತ್ತ ಮೇಲೆ ಅಮ್ಮನ ಮುಂದೆ ಹೋಗಿ ಏನಂತ ಹೇಳ್ಲಿ? ನಿನ್ನ ಹೊತ್ತಿಗೆ ನೀರಿತ್ತಮ್ಮ, ಈಗ ಮರಳು ಬಂತು ಅಂತ್ಲಾ?"

ಮೂಲೆಯಲ್ಲಿ ಕೂತಿದ್ದ ವೊಪ್ಕೆ ತಲೆಯೆತ್ತಿದ. ಸಾವಿನ ಮನೆಯವನು ಈ ಸಭೆಗೆ ಬರುವುದಿಲ್ಲ, ದೋಣಿಯವನು ಬರಲೇಬೇಕು. ಎರಡೂ ಅವನೇ ಆದ್ದರಿಂದ ಬಾಗಿಲಿಗೆ ಹತ್ತಿರ, ಅರ್ಧ ಹೊರಗೆ ಕೂತಿದ್ದ. "ನಾನು ಮಾತು ಕೊಟ್ಟಿದೀನಿ," ಎಂದ. "ತಲೆ ಹತ್ರ ನಿಲ್ತೀನಿ ಅಂತ. ದೋಣಿ ಇಲ್ದೆ ಹೋದ್ರೆ ನಾನು ಬರೀ ಗಂಡ. ಹಿಂದೆ ನಡೀಬೇಕು."

ಏಬೆಲೆ ಲೋಟ ಕೆಳಗಿಟ್ಟು ಎದ್ದ. ಆಮೇಲೆ ಎಲ್ಲರೂ ಒಮ್ಮೆಗೇ ಕೆಲಸಕ್ಕೆ ಕೈಹಾಕಿದರು.

ಮೊದಲು ಊರಿನ ಬೆಂಕಿ ಆರಿಸುವ ಪಂಪು ತಂದು ಮರಳಿಗೆ ನೀರು ಬಿಟ್ಟರು. ಮಧ್ಯಾಹ್ನದವರೆಗೂ ಬಿಟ್ಟರು. ಮರಳು ಕುಡಿಯಿತು, ಇನ್ನೂ ಇದೆಯಾ ಎಂಬಂತೆ ನೋಡಿತು.

"ಮರಳುಸೀಮೆದು," ಎಂದ ಏಬೆಲೆ. "ನಮ್ಮ ಗುಡ್ಡಾನೇ ತಿಂದೋರು. ಇವರಿಗೆ ಇದು ಯಾವ ಮೂಲೆಗೆ?"

ಚಾಲ್ಲೆ ಬಹಳ ಹೊತ್ತಿನಿಂದ ತನ್ನ ಹಿತ್ತಲ ಕಡೆ ನೋಡುತ್ತಿದ್ದ. "ನೀರು ದೋಣಿಗೆ ಏನು ಮಾಡತ್ತೆ?" ಎಂದ. "ಹೊರತ್ತೆ. ಅಷ್ಟೇ ತಾನೆ? ಹೊರೋಕೆ ನಾವಿದೀವಲ್ಲ."

"ಹೊತ್ರೆ ಅದು ಚಟ್ಟ ಆಗತ್ತೆ, ದೋಣಿ ಆಗಲ್ಲ," ಎಂದರು ಪಾದ್ರಿ. ಈ ಊರಿನ ವಾದದೊಳಗೆ ತಾವೂ ಇಳಿದುಬಿಟ್ಟಿದ್ದೇವೆಂದು ಅವರಿಗೆ ಹೊಳೆಯಲಿಲ್ಲ.

ಏಬೆಲೆ ಮೀಸೆಯನ್ನು ಎರಡು ಕಡೆಯೂ ಒರೆಸಿದ. "ಅದರಲ್ಲಿ ವೊಪ್ಕೆ ನಿಂತು ಗಳ ಊರಿದ್ರೆ ದೋಣಿ. ಊರದೆ ಇದ್ರೆ ಚಟ್ಟ."

ಪಾದ್ರಿಯೂ ತಲೆಯಾಡಿಸಿದರು. ಇನ್ನು ಕೊರತೆಯಿದ್ದದ್ದು ಕೈಗಳದು. ಪೆಟ್ಟಿಗೆ ಹೊರುವ ಎಂಟು ಮಂದಿ ನೆರೆಯವರನ್ನು ಬಿಟ್ಟರೆ ಗಟ್ಟಿ ಗಂಡಸರು ಸಾಲುತ್ತಿರಲಿಲ್ಲ. ಹೆಂಗಸರು ಹೊತ್ತ ರೂಢಿಯೇ ಇರಲಿಲ್ಲ.

"ಹೆಂಗಸರು ಹೆಣ ಹೊರಲ್ಲ ಅಂತ ರೂಢಿ," ಎಂದಳು ಫೋಕ್ಯೆ. "ದೋಣಿ ಹಿಡಿಯೋದು ನೀರಿನ ಕೆಲಸ, ಅದನ್ನ ಮಾಡಲ್ಲ ಅಂತ ಯಾರು ಹೇಳಿದ್ದು? ಬಾವಿಯಿಂದ ಹೊತ್ತಿದ್ದು ಯಾರಪ್ಪ? ಮೊದ್ಲು ನನ್ನ ಕೋಳಿಗಳನ್ನ ಎಬ್ಬಿಸ್ಬೇಕು, ತಡೀರಿ."

ದೋಣಿಯನ್ನು ಮಗುಚಿದಾಗ ಹುಲ್ಲಿನ ಗೂಡಲ್ಲಿ ಎರಡು ಮೊಟ್ಟೆಗಳಿದ್ದವು, ಬೆಚ್ಚಗೆ. ಆ ಸಂಜೆ ವೊಪ್ಕೆ ಒಬ್ಬನೇ ಹೋಗಿ ದೋಣಿಗೆ ನೀರು ತುಂಬಿ ನೆನೆಸಿದ.

"ಅದು ನೀರಿಗಿಳಿಯಲ್ಲ ಮಾರಾಯ, ಯಾಕೆ ನೆನೆಸ್ತೀಯ?" ಎಂದ ಚಾಲ್ಲೆ.

"ಅವಳು ಕೇಳ್ತಾಳೆ," ಎಂದ ವೊಪ್ಕೆ.

ಮರುದಿನ ಚರ್ಚಿನ ಗಂಟೆ ಮೊಳಗಿತು. ಪೆಟ್ಟಿಗೆ ದಕ್ಷಿಣದ ಅಂಗಳ ದಾಟಿ ಪಶ್ಚಿಮದ ಇಳಿಜಾರಿಗೆ ಬಂದಾಗ, ದೋಣಿ ಸಿದ್ಧವಾಗಿತ್ತು. ತಳದಡಿಗೆ ಕೊಟ್ಟಿಗೆಯ ತೊಲೆಗಳನ್ನು ತೂರಿಸಿ, ಎರಡು ಬದಿಗೂ ಗಂಡಸರು ಹೆಂಗಸರು ಕರಿಬಟ್ಟೆಯಲ್ಲಿ ಸೊಂಟದೆತ್ತರಕ್ಕೆ ಹಿಡಿದಿದ್ದರು. ಒಳಗೆ ವೊಪ್ಕೆ ನಿಂತಿದ್ದ, ಕೈಯಲ್ಲಿ ಗಳ, ತಲೆಯಲ್ಲಿ ಭಾನುವಾರದ ಟೋಪಿ. ಕಾಲ ಬಳಿ ಕೂರಲು ಮನೆಯವರು ಯಾರೂ ಇರಲಿಲ್ಲ. ಆ ಹಲಗೆಯ ಮೇಲೆ ಅವನು ಹಿಲ್ಚೆಯ ಹಳೆಯ ಕರಿಟೋಪಿ ಇಟ್ಟಿದ್ದ. ಪೆಟ್ಟಿಗೆ ಅಡ್ಡಪಟ್ಟಿಗಳ ಮೇಲೆ ಕೂತಾಗ ದೋಣಿ ಒಂದಿಷ್ಟು ತಗ್ಗಿತು, ನೀರಿನಲ್ಲಿ ತಗ್ಗುವಂತೆಯೇ.

ಅವನು ಗಳ ಊರಿದ. ಮರಳು ಹಿಡಿಯಿತು. ದೋಣಿ ಹೊರಟಿತು.

ಮೊದಲ ಸುತ್ತು ಚೆನ್ನಾಗಿ ಹೋಯಿತು. ಕಷ್ಟವಿದ್ದದ್ದು ವಾಪಸು ಬರುವಾಗ. ಪೆಟ್ಟಿಗೆ ಮೇಲೆ ಹೋದ ಮೇಲೆ ದೋಣಿ ತಿರುಗದೆ ಹಿಂದಕ್ಕೆ ಬರಬೇಕು. ಹಿಡಿದವರೆಲ್ಲ ಹಿಂದುಹಿಂದಕ್ಕೆ ನಡೆದರು. ವೊಪ್ಕೆ ಪೂರ್ವಕ್ಕೆ ಮುಖ ಮಾಡಿ, ಗಂಭೀರವಾಗಿ, ಗಳವನ್ನು ಉಲ್ಟಾ ಊರುತ್ತಿದ್ದ.

"ಕಾಲು ತುಳೀಬೇಡ್ವೋ!"

"ನನಗೆ ಹಿಂದೆ ಕಣ್ಣಿಲ್ಲ!"

"ಸಾವಿನ ದೋಣಿ ಇದು, ಬಾಯಿ ಮುಚ್ಕೊಂಡು ತೇಲ್ರೋ," ಎಂದಳು ಫೋಕ್ಯೆ.

ಎರಡನೆಯ ಸುತ್ತಿನಲ್ಲಿ ಯಾರಿಗೋ ಜೋಡಿನೊಳಗೆ ತಣ್ಣಗಾಯಿತು.

"ವೊಪ್ಕೆ, ದೋಣಿ ಸೋರ್ತಾ ಇದೆ!"

ನಿಜ. ನೆನೆಸಿದ ನೀರಲ್ಲಿ ತಳಕ್ಕೆ ಉಳಿದಿದ್ದುದನ್ನು ಚೆಲ್ಲಲು ಅವನು ಮರೆತಿದ್ದ. ವರ್ಷಗಟ್ಟಲೆ ಹೊರಗಿನ ನೀರನ್ನು ಒಳಗೆ ಬಿಟ್ಟುಕೊಂಡ ದೋಣಿ ಈಗ ಒಳಗಿನ ನೀರನ್ನು ಹೊರಗೆ ಬಿಡುತ್ತಿತ್ತು. ಹುಳಿಮಜ್ಜಿಗೆಯ ವಾಸನೆ ಎದ್ದಿತು. ಹಿಡಿದವರೆಲ್ಲ ಒಮ್ಮೆ ಆಳವಾಗಿ ಉಸಿರೆಳೆದುಕೊಂಡರು. ಯಾವ ಆರ್ಗನ್ನಿಗೂ ಅವರ ಕಣ್ಣು ಹಾಗೆ ತುಂಬಿರಲಿಲ್ಲ.

ಮೂರನೆಯ ಸುತ್ತಿಗೆ ಚಾಲ್ಲೆಯ ಮೊಣಕಾಲು ಕೈಕೊಟ್ಟಿತು. ಒಂದು ಬದಿ ವಾಲಿತು. ಇಳಿಜಾರಿನಲ್ಲಿ ಪುಸ್ತಕ ಹಿಡಿದು ನಿಂತಿದ್ದ ಪಾದ್ರಿ ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿ, ಓಡಿಬಂದು, ತೊಲೆಗೆ ಕೈ ಕೊಟ್ಟರು. ಅವರ ಹೊಳೆಯುವ ಬೂಟಿನೊಳಗೂ ನೀರು ಇಳಿಯಿತು.

"ನಿಧಾನ, ಪಾದ್ರಿಗಳೇ," ಎಂದಳು ಪಕ್ಕದ ಫೋಕ್ಯೆ. "ನೀರು ಇಷ್ಟು ಅವಸರ ಮಾಡಲ್ಲ."

ಪಾದ್ರಿ ನಿಧಾನಿಸಿದರು.

ವೊಪ್ಕೆಗೆ ಇದೊಂದೂ ಕಾಣಲಿಲ್ಲ. ಅವನ ಪಾದದ ಮುಂದೆ ಅವಳ ತಲೆಯಿತ್ತು, ನಡುವೆ ಪೆಟ್ಟಿಗೆಯ ಒಂದು ಹಲಗೆ. ಮೇಲೆ ಉತ್ತರದ ಗೋಡೆಯ ಇಟ್ಟಿಗೆಗಳು ಒಂದೊಂದೇ ಹಿಂದೆ ಸರಿಯುತ್ತಿದ್ದವು, ಎಂದಿನ ವೇಗದಲ್ಲಿ. ಅಡ್ಡಪಟ್ಟಿಯ ಕೆಳಗೆ ನೀರು ಪೆಟ್ಟಿಗೆಯ ತಳಕ್ಕೆ ತಾಕುವಂತೆ ತುಳುಕುತ್ತಿತ್ತು. ಅವನು ಗಳದ ತುದಿಯಿಂದ ಕಾಲ ಬಳಿಯ ಹಲಗೆಯ ಮೇಲಿನ ಕರಿಟೋಪಿಯನ್ನು ತನ್ನತ್ತ ಎಳೆದುಕೊಂಡು, ಗಳವನ್ನು ಕಂಕುಳಲ್ಲಿ ಒತ್ತಿ ಬಾಗಿ, ನೀರು ಮೊಗೆದು ಹೊರಗೆ ಚೆಲ್ಲಿದ. ಅದು ಏಬೆಲೆಯ ತಮ್ಮನ ಮೈಮೇಲೆ ಬಿತ್ತು. ಆತ ತೊಲೆ ಬಿಡಲಿಲ್ಲ. ವೊಪ್ಕೆ ಮೊಗೆದ, ಚೆಲ್ಲಿದ, ಗಳ ಊರಿದ, ಮತ್ತೆ ಮೊಗೆದ. ಟೋಪಿ ಒಂದು ಹನಿಯನ್ನೂ ಬಿಡಲಿಲ್ಲ.

"ನೋಡು," ಎಂದ ಅವನು, ಬಾಗಿದ್ದಾಗಲೇ, ಹಲಗೆಗೆ ಹತ್ತಿರವಾಗಿ. "ಮರ್ತಿಲ್ಲ."

ಪೂರ್ವದ ಮೆಟ್ಟಿಲು ಬಂತು. ಎಂಟು ಮಂದಿ ಪೆಟ್ಟಿಗೆಯನ್ನು ಎತ್ತಿಕೊಂಡರು. ವೊಪ್ಕೆ ಎಂದಿನಂತೆ ಹಗ್ಗ ತೆಗೆದು ಮೆಟ್ಟಿಲ ಬುಡದ ಕಬ್ಬಿಣದ ಬಳೆಗೆ ದೋಣಿ ಕಟ್ಟಿ, ಇಳಿದು, ಗಂಡನಾಗಿ ಅವರ ಹಿಂದೆ ಹೋದ. ಪಾದ್ರಿ ಒದ್ದೆ ಬೂಟಿನಲ್ಲಿ ಪಚಪಚನೆ ಮೆಟ್ಟಿಲು ಹತ್ತಿದರು. ದಕ್ಷಿಣದಲ್ಲಿ ಪ್ರಾರ್ಥನೆ ನಡೆಯಿತು, ಮಣ್ಣು ಬಿತ್ತು. ದಿಬ್ಬದ ಉಳಿದ ಅರ್ಧದ ಕಪ್ಪು ಮಣ್ಣು, ಮಾರದೆ ಉಳಿದದ್ದು.

ಮೇಲಿದ್ದವರೆಲ್ಲ ಕಾಫಿಗೂ ಸಕ್ಕರೆ ಬ್ರೆಡ್ಡಿಗೂ ಹೊರಟಾಗ ವೊಪ್ಕೆ ಗಳವನ್ನು ಮರೆತೆನೆಂದು ಉತ್ತರಕ್ಕೆ ಹೋದ. ಅಲ್ಲಿ ದೋಣಿ ಹಿಡಿದವರು ಇನ್ನೂ ನಿಂತಿದ್ದರು. ಸೊಂಟದೆತ್ತರಕ್ಕೆ ಖಾಲಿ ದೋಣಿ ಹಿಡಿದು, ಮುಖ ಕೆಂಪಾಗಿ, ಯಾರೂ ಯಾರನ್ನೂ ನೋಡದೆ.

"ಇನ್ನೂ ಹಿಡ್ಕೊಂಡಿದೀರಾ?" ಎಂದ ವೊಪ್ಕೆ.

"ನೀನು ಕಟ್ಟಿ ಹೋದ್ಯಲ್ಲ," ಎಂದಳು ಫೋಕ್ಯೆ, ಹಲ್ಲು ಕಚ್ಚಿಕೊಂಡು. "ಕಟ್ಟಿದ ದೋಣಿ ತೇಲ್ತಾ ಇರ್ಬೇಕು ತಾನೆ? ಬಿಟ್ರೆ ಮುಳುಗಿತು ಅಂತ ಆಗಲ್ವಾ? ಹಿಲ್ಚೆ ಏನಂದ್ಕೊಂಡಾಳು?"

ವೊಪ್ಕೆ ಅವರನ್ನು ಒಬ್ಬೊಬ್ಬರನ್ನಾಗಿ ನೋಡಿದ. ಆ ಕಾಲುವೆಯಲ್ಲಿ ಉಬ್ಬರವಾಗಲಿ ಇಳಿತವಾಗಲಿ ಎಂದೂ ಇರಲಿಲ್ಲ. ಕಡಲಿಗೆ ಕಟ್ಟೆ ಬಂದು ಎಷ್ಟು ತಲೆಮಾರಾಯಿತೋ. ಆದರೂ ಅವನು ಮರಳಿನ ಕಡೆ, ತಾನು ಗಳ ಊರಿದ ಗುಳಿಗಳ ಕಡೆ, ನೀರು ನೋಡುವವನಂತೆ ನೋಡಿದ. ಬಳೆಯಿಂದ ಹಗ್ಗ ಬಿಚ್ಚಿದ.

"ನೀರು ಇಳೀತು," ಎಂದ. "ಮೆಲ್ಲಗೆ ಬಿಡಿ."

ಅವರು ಮೆಲ್ಲಗೆ ಬಿಟ್ಟರು.